ಬೇಸಿಗೆಗೆ ಹೆಣೆದ ಸ್ವೆಟರ್

ಶಿವರಾತ್ರಿ ಬಂತೆಂದರೆ ಚಳಿ 'ಶಿವ ಶಿವಾ' ಎನ್ನುತ್ತಾ ಹೊರಟುಹೋಗುತ್ತದೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ಹೊರಟ ಚಳಿ ಒಂದೇ ದಿನಕ್ಕೆ ಗಂಟುಮೂಟೆ ಕಟ್ಟುವುದಿಲ್ಲ ಅನ್ನಿ. ಮಗಳ ಮನೆಯಿಂದ ಹೊರಟ ಅತ್ತೆಯ ಹಾಗೆ ಬಾಗಿಲಲ್ಲಿ ನಿಂತು ಇನ್ನೂ ನಾಲ್ಕು ಮಾತಾಡಿಯೇ ಹೋಗುತ್ತದೆ. ಬೆಳಿಗ್ಗೆ ಆರಕ್ಕೆ ಶಾಲು ಬೇಕು, ಹನ್ನೊಂದಕ್ಕೆ ಫ್ಯಾನು ಬೇಕು. ಅರಳಿ ಮರ ಇದ್ದ ಎಲೆಯನ್ನೆಲ್ಲ ಉದುರಿಸಿ ಮರುವಾರವೇ ತಾಮ್ರದ ಬಣ್ಣದ ಚಿಗುರು ಹೊತ್ತು ನಿಲ್ಲುತ್ತದೆ. ಹೊಂಗೆ ಹೊಸ ಎಲೆ ತೊಟ್ಟು ಎಣ್ಣೆ ಹಚ್ಚಿಕೊಂಡವರ ಹಾಗೆ ಮಿರಿಮಿರಿ ಮಿಂಚುತ್ತದೆ. ಮಾವಿನ ಹೂವಿನ ಘಮಲಿಗೆ ದುಂಬಿಗಳು ಬಂದುಹೋಗಿ, ನೋಡನೋಡುತ್ತಿದ್ದ ಹಾಗೆ ಗೋಲಿ ಗಾತ್ರದ ಮಿಡಿ ಕಾಣಿಸುತ್ತದೆ. ಎಲ್ಲಿತ್ತೋ ಏನೋ, ಕೋಗಿಲೆಯೂ ಗಂಟಲು ಸರಿಮಾಡಿಕೊಳ್ಳಲು ಶುರುಮಾಡುತ್ತದೆ.

ಇಷ್ಟು ಚೆಂದದ ಕಾಲವನ್ನು ನಾವು ಏನೆಂದು ಕರೆಯುತ್ತೇವೆ ಹೇಳಿ? ವಸಂತ ಎಂದೇ? ಅದು ಪಠ್ಯಪುಸ್ತಕದಲ್ಲಿ. ಮನೆಯಲ್ಲಿ ಇದರ ಹೆಸರು 'ಪರೀಕ್ಷೆ ಟೈಮು'. ಹತ್ತನೇ ತರಗತಿಯವರೋ ದ್ವಿತೀಯ ಪಿಯುಸಿಯವರೋ ಇರುವ ಮನೆಯಲ್ಲಿ ಕೋಗಿಲೆ ಕೂಗಿದರೂ ಅದಕ್ಕೆ 'ಶ್, ಓದ್ತಿದಾಳೆ' ಎನ್ನುವ ಪರಿಸ್ಥಿತಿ. ನಾವು ಓದುವಾಗ ರೇಡಿಯೋ ಆರಿಸುತ್ತಿದ್ದರು. ಆಮೇಲಿನವರು ಮೂರು ತಿಂಗಳು ಕೇಬಲ್ ತೆಗೆಸುತ್ತಿದ್ದರು. ಈಗ ವೈಫೈಯ ಪಾಸ್‌ವರ್ಡ್ ಬದಲಾಗುತ್ತದೆ. ಯಂತ್ರ ಬೇರೆ, ಶಿಸ್ತು ಒಂದೇ. ಸುಖವೆಂಬುದೇನಾದರೂ ಮನೆಯಲ್ಲಿ ಉಳಿದಿದ್ದರೆ ಅದನ್ನು ಏಪ್ರಿಲ್‌ವರೆಗೆ ಮುಂದೂಡಬೇಕು.

ನನಗೆ ಹೇಳಬೇಕಿರುವುದು ಮುಂದೂಡಲಾಗದ ಮೂರು ಸುಖಗಳ ವಿಷಯ: ಹೆಣಿಗೆ, ಓದು, ಅಡುಗೆ. ಮೂರೂ ದೊಡ್ಡ ಸುಖಗಳಲ್ಲ. ಟಿಕೆಟ್ ಕೊಳ್ಳಬೇಕಾಗಿಲ್ಲ, ರಜೆ ಹಾಕಬೇಕಾಗಿಲ್ಲ. ಕೂತಲ್ಲಿಯೇ, ನಿಂತಲ್ಲಿಯೇ ಆಗುವಂಥವು. 2023ರ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಮೈಸೂರಿನ ನಮ್ಮ ಮನೆಯನ್ನು ಈ ಮೂರು ಹೇಗೆ ಹಿಡಿದು ನಿಲ್ಲಿಸಿದವು ಎಂಬುದನ್ನು ಮಕ್ಕಳೂ ಅವರ ತಂದೆತಾಯಂದಿರೂ ಕೇಳಿಸಿಕೊಂಡರೆ ನಷ್ಟವೇನಿಲ್ಲ.

ಆಗ ನಮ್ಮ ಕಿರಿಯ ಮಗಳು ದ್ವಿತೀಯ ಪಿಯುಸಿ, ವಿಜ್ಞಾನ. ಓದುವ ಹುಡುಗಿಯೇ. ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಭೌತಶಾಸ್ತ್ರದ ದಿನ ಮೂರನೆಯ ಪ್ರಶ್ನೆಗೆ ಬಂದಾಗ ಎಲ್ಲವೂ ಮರೆತುಹೋಯಿತಂತೆ. 'ಬಿಳಿ ಗೋಡೆ ನೋಡಿದ ಹಾಗಾಯ್ತು ಅಮ್ಮಾ' ಎಂದಳು. ಅಷ್ಟೇ ಹೇಳಿದ್ದು. ಮಾರನೆಯ ದಿನ ತನ್ನ ಕಥೆ ಪುಸ್ತಕಗಳನ್ನೆಲ್ಲ ತಾನೇ ಒಂದು ಅಕ್ಕಿ ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದಳು. ನಾವು ಯಾರೂ ಹೇಳಿದ್ದಲ್ಲ. ಗೋಡೆಗೆ ವೇಳಾಪಟ್ಟಿ ಅಂಟಿತು. ಬೆಳಗಿನ ಜಾವ ಮೂರೂವರೆಗೆ ಅವಳ ಕೋಣೆಯಲ್ಲಿ ದೀಪ. ಊಟ ಎಂದರೆ ಎರಡು ತುತ್ತು. 'ಸಾಕು' ಎನ್ನುವುದೊಂದೇ ಅವಳ ಬಾಯಿಂದ ಬರುತ್ತಿದ್ದ ಮಾತು. ಬಾಚಣಿಗೆಯಲ್ಲಿ ಬರುವ ಕೂದಲು ನೋಡಿ ನನಗೆ ಎದೆ ಧಸಕ್ಕೆನ್ನುತ್ತಿತ್ತು. ನಮ್ಮವರು ಮಾಮೂಲಾಗಿ ಗಟ್ಟಿಯಾಗಿ ಮಾತಾಡುವ ಮನುಷ್ಯ, ಅವರೂ ಮನೆಯಲ್ಲಿ ಪಿಸುಗುಡತೊಡಗಿದರು. ಓದಬೇಡ ಎನ್ನುವಂತಿಲ್ಲ, ಓದು ಎನ್ನುವಂತೆಯೂ ಇಲ್ಲ. ದ್ವಿತೀಯ ಪಿಯುಸಿ ಮಕ್ಕಳಿರುವವರಿಗೆ ಈ ಇಕ್ಕಟ್ಟನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯಲ್ಲಿ ಇನ್ನೊಬ್ಬರಿದ್ದರು. ನನ್ನ ಅಮ್ಮ. ವಯಸ್ಸು ಎಪ್ಪತ್ತೆಂಟು, ಕೊಪ್ಪದ ಕಡೆಯವಳು. ಮಲೆನಾಡಿನ ಮಳೆಗಾಲದಲ್ಲಿ ಹುಟ್ಟಿ ಬೆಳೆದವರಿಗೆ ಉಲ್ಲನ್ನಿನ ಬೆಲೆ ಗೊತ್ತು. ಅಲ್ಲಿ ಸ್ವೆಟರ್ ಶೋಕಿಯ ಬಟ್ಟೆಯಲ್ಲ, ಕಂಬಳಿಯ ತಮ್ಮ. ಅಪ್ಪನ ಹಳೆಯ ಸ್ವೆಟರನ್ನು ಅವಳು ಬಿಚ್ಚಿ, ಆ ನೂಲನ್ನು ತೊಳೆದು ನೇತುಹಾಕಿ ಸುಕ್ಕು ಬಿಡಿಸಿ, ನನಗೂ ಅಣ್ಣನಿಗೂ ಒಂದೊಂದು ಟೋಪಿ, ಉಳಿದದ್ದರಲ್ಲಿ ಕಾಲುಚೀಲ ಹೆಣೆದದ್ದು ನನಗೆ ನೆನಪಿದೆ. ಹೆಣಿಗೆಯ ದೊಡ್ಡ ಗುಣವೇ ಇದು. ಬಟ್ಟೆಗೆ ಕತ್ತರಿ ಹಾಕಿದರೆ ಹಾಕಿದ್ದೇ. ಹೆಣೆದದ್ದನ್ನು ಮಾತ್ರ ಯಾವಾಗ ಬೇಕಾದರೂ ಬಿಚ್ಚಬಹುದು, ನೂಲು ನೂಲಾಗಿಯೇ ಉಳಿದಿರುತ್ತದೆ.

ಅಮ್ಮನ ಎಡಗಣ್ಣಿನ ದೃಷ್ಟಿಯನ್ನು ಗ್ಲಾಕೋಮಾ ಎಷ್ಟೋ ವರ್ಷದ ಹಿಂದೆ ಕಿತ್ತುಕೊಂಡಿತ್ತು. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಆ ಕಾಯಿಲೆಯಲ್ಲಿ ಹೋದ ದೃಷ್ಟಿ ಮರಳುವುದಿಲ್ಲ. ಉಳಿದಿದ್ದ ಬಲಗಣ್ಣಿಗೆ ಈಗ ಪೊರೆ ಬೆಳೆದಿತ್ತು. ಡಾಕ್ಟರು ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟಿದ್ದು ಫೆಬ್ರುವರಿಯಲ್ಲಿ. ಅಮ್ಮ, 'ಮಗೂಗೆ ಪರೀಕ್ಷೆ. ಈಗ ನೋಡೋಕೆ ಬರೋರು, ಹೋಗೋರು, ಎರಡು ಗಂಟೆಗೊಂದ್ಸಲ ಕಣ್ಣಿಗೆ ಡ್ರಾಪ್ಸು... ಬ್ಯಾಡ. ಏಪ್ರಿಲಿಗೆ ನೋಡುವ' ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಳು. ಅದು ಅರ್ಧ ಕಾರಣ. ಉಳಿದರ್ಧ ಭಯ. ಇರುವುದೊಂದೇ ಕಣ್ಣು, ಅದಕ್ಕೂ ಕೈಹಾಕಿಸಿಕೊಂಡು ಏನಾದರೂ ಆದರೆ? ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅದೇ ವಾರ, ಅಣ್ಣನ ಮಗಳಿಗೆ ಮೇ ತಿಂಗಳಲ್ಲಿ ಎಡಿನ್‌ಬರಾದಲ್ಲಿ ಹೆರಿಗೆ ಎಂಬ ನೆಪ ಹೇಳಿ, ನನ್ನಿಂದ ಹತ್ತನೇ ನಂಬರಿನ ಕಡ್ಡಿಯನ್ನೂ ನಾಲ್ಕು ಉಂಡೆ ಉಲ್ಲನ್ನನ್ನೂ ತರಿಸಿಕೊಂಡಳು. ಇದೇ ಕೊನೆಯ ಸ್ವೆಟರ್ ಆದರೂ ಆಗಬಹುದು ಎಂದು ಅವಳಿಗಿತ್ತು. ನನಗೂ ಇತ್ತು.

ಬೀದಿಯಲ್ಲಿ ಉರಿಬಿಸಿಲು ಶುರುವಾಗಿರುವಾಗ ವರಾಂಡದಲ್ಲಿ ಕೂತು ಸ್ವೆಟರ್ ಹೆಣೆಯುವ ಅಜ್ಜಿಯನ್ನು ನೋಡಿ ಹಾಲಿನವನೂ ನಗುತ್ತಿದ್ದ. ಅಮ್ಮ ಅವನಿಗೂ ಬಿಡುತ್ತಿರಲಿಲ್ಲ: 'ನಗಬ್ಯಾಡ ಮಾರಾಯ, ಆ ಊರಲ್ಲಿ ಮೇ ತಿಂಗಳೂ ನಮ್ಮ ಪುಷ್ಯಮಾಸವೇ ಅಂತೆ.'

ಹೆಣಿಗೆ ಗೊತ್ತಿಲ್ಲದವರಿಗೆ ಎರಡು ಮಾತು. ಇಡೀ ಹೆಣಿಗೆಯಲ್ಲಿ ಇರುವುದು ಮೂಲತಃ ಎರಡೇ ಹೊಲಿಗೆ. ಸೀದಾ ಮತ್ತು ಉಲ್ಟಾ. ಇವೂ ಬೇರೆಬೇರೆಯಲ್ಲ, ಒಂದೇ ಕುಣಿಕೆಯ ಮುಂಭಾಗ ಮತ್ತು ಹಿಂಭಾಗ. ಕಂಪ್ಯೂಟರಿನ ಒಂದು ಮತ್ತು ಸೊನ್ನೆಯ ಹಾಗೆ ಈ ಎರಡನ್ನೇ ಹಿಂದುಮುಂದು ಮಾಡಿ ಎಲೆ, ಜಡೆ, ಚೌಕ, ಜೇನುಗೂಡು ಎಲ್ಲವನ್ನೂ ಹೊರಡಿಸಬಹುದು. ನೇಯ್ದ ಬಟ್ಟೆಯಲ್ಲಿ ನೂಲು ನೆಟ್ಟಗೆ ಹೋಗುತ್ತದೆ, ಹೆಣೆದದ್ದರಲ್ಲಿ ಬಳುಕುತ್ತಾ ಹೋಗುತ್ತದೆ. ಹಾಗಾಗಿಯೇ ಸ್ವೆಟರ್ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಕಡ್ಡಿಯ ನಂಬರಿನದು ವಿಚಿತ್ರ ಲೆಕ್ಕ. ನಮ್ಮಲ್ಲಿ ಬಳಕೆಯಲ್ಲಿರುವ ಹಳೆಯ ಬ್ರಿಟಿಷ್ ಪದ್ಧತಿಯಲ್ಲಿ ನಂಬರು ದೊಡ್ಡದಾದಷ್ಟೂ ಕಡ್ಡಿ ಸಣ್ಣ. ಎಂಟನೇ ನಂಬರು 4 ಮಿಲಿಮೀಟರ್ ದಪ್ಪವಿದ್ದರೆ ಹತ್ತನೇ ನಂಬರು 3.25. ಎಳೆಕೂಸಿನ ಬಟ್ಟೆಗೆ ಹತ್ತು ಸರಿ.

ಇದು ಹೆಂಗಸರ ಕೆಲಸ ಎಂದುಕೊಳ್ಳುವ ಹುಡುಗರಿಗೊಂದು ಸುದ್ದಿ. ಹಿಂದೆ ಯೂರೋಪಿನಲ್ಲಿ ಹೆಣಿಗೆಯವರ ವೃತ್ತಿಸಂಘಗಳಲ್ಲಿದ್ದವರು ಗಂಡಸರೇ. 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ ಇಂಗ್ಲೆಂಡಿನ ವಿಲಿಯಂ ಲೀ ಒಬ್ಬ ಪಾದ್ರಿ.

ಕಥೆಗೆ ಬರೋಣ. ಒಂದು ಸಂಜೆ ಮಗಳು ನೀರು ಕುಡಿಯಲು ಹೊರಗೆ ಬಂದಾಗ ಅಮ್ಮ ಕರೆದಳು.

'ಪುಟ್ಟಿ, ಇಲ್ಲಿ ಬಾ. ನಂಗೆ ಕಾಣ್ತಿಲ್ಲ. ಎಪ್ಪತ್ತೆರಡು ಕುಣಿಕೆ ಇದೆಯಾ ನೋಡು.'

'ಅಜ್ಜೀ, ನನಗೆ ಟೈಮಿಲ್ಲ.'

'ಎಣಿಸೋಕೆ ಒಂದು ನಿಮಿಷ. ಪರೀಕ್ಷೆ ಬರಿಯೋಳು ನೀನು, ನಂಗಿಂತ ಬೇಗ ಎಣಿಸ್ತೀಯ.'

ಎಣಿಸಿದಳು. 'ಎಪ್ಪತ್ತೊಂದಿದೆ.' ಇನ್ನೊಮ್ಮೆ ಎಣಿಸಿದಳು. ಎಪ್ಪತ್ತೊಂದೇ. ಬಾರ್ಡರಿಗೆ ಎರಡು ಸೀದಾ, ಎರಡು ಉಲ್ಟಾ ಎಂದು ಹೋದರೆ ಎಪ್ಪತ್ತೆರಡರಲ್ಲಿ ಸರಿಯಾಗಿ 18 ಸಲ ಬರಬೇಕು. ಒಂದು ಕಡಿಮೆಯಾದರೆ ಲೆಕ್ಕ ತಪ್ಪುತ್ತದೆ. ಎಲ್ಲಿ ಹೋಯಿತು ಆ ಒಂದು? ಹುಡುಕಿದರು. ಐದು ಸಾಲು ಕೆಳಗೆ ಜಾರಿದ ಕುಣಿಕೆ ಏಣಿಯ ಹಾಗೆ ಅಡ್ಡಪಟ್ಟಿ ಬಿಟ್ಟುಕೊಂಡು ಇನ್ನೂ ಇಳಿಯುವ ಅಂದಾಜಿನಲ್ಲಿತ್ತು.

ಮಗಳಿಗೆ ಗಾಬರಿ. 'ಅಯ್ಯೋ, ಎಲ್ಲಾ ಬಿಚ್ಚಬೇಕಾ ಅಜ್ಜಿ?'

'ಎಂತಕ್ಕೆ? ಆ ಡಬ್ಬಿಯಲ್ಲಿ ಒಂದು ಪಿನ್ನು ಇದೆ ಕೊಡು' ಎಂದ ಅಮ್ಮ, ಬೆರಳಿನಿಂದಲೇ ತಡವಿ, ಜಾರಿದ ಕುಣಿಕೆಗೆ ಸೇಫ್ಟಿ ಪಿನ್ನು ಚುಚ್ಚಿ ಮುಚ್ಚಿಸಿದಳು. 'ಇನ್ನು ಅದು ಎಲ್ಲಿಗೂ ಹೋಗೂದಿಲ್ಲ. ಸಾಲು ಮುಗಿಸಿಕೊಂಡು ಬರುವ. ಆಮೇಲೆ ಕ್ರೋಶ ಕಡ್ಡಿಯಲ್ಲಿ ಒಂದೊಂದೇ ಮೆಟ್ಟಿಲು ಹತ್ತಿಸಿದ್ರೆ ಆಯ್ತು.'

ಹತ್ತಿಸಿದ್ದು ಮಗಳೇ. ಒಂದು ನಿಮಿಷಕ್ಕೆಂದು ಕೂತವಳು ಅರ್ಧ ಗಂಟೆ ಕೂತಿದ್ದಳು. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ಅವಳ ಹೆಗಲು ಎಷ್ಟೋ ವಾರಗಳ ಮೇಲೆ ಕೆಳಗಿಳಿದಿತ್ತು.

ಮಾರನೆಯ ಸಂಜೆ ಯಾರೂ ಕರೆಯಬೇಕಾಗಲಿಲ್ಲ. ಅಮ್ಮ ಬೆರಳ ತುದಿಯ ಅಂದಾಜಿನಲ್ಲಿ ಹೆಣೆಯುವುದು, ಮಗಳು ಪ್ರತಿ ಎರಡು ಸಾಲಿಗೊಮ್ಮೆ ಎಣಿಸುವುದು ಎಂದು ಒಪ್ಪಂದವಾಯಿತು. ಸೀದಾ ಹೊಲಿಗೆ ಬೆರಳಿಗೆ ನುಣುಪು, ಉಲ್ಟಾ ಹೊಲಿಗೆಗೆ ಸಣ್ಣ ಗಂಟಿನ ತಡೆ. ಕಣ್ಣಿಲ್ಲದೆಯೂ ಎರಡನ್ನೂ ಹೇಗೆ ಬೇರೆಮಾಡಬಹುದು ಎಂಬುದನ್ನು ಅಮ್ಮ ಮೊಮ್ಮಗಳಿಗೆ ಕಣ್ಣು ಮುಚ್ಚಿಸಿ ಕಲಿಸಿದಳು. ಒಮ್ಮೆ, 'ಇಷ್ಟು ತೂತಿರೋ ಬಟ್ಟೆ ಬೆಚ್ಚಗೆ ಹ್ಯಾಗೆ ಇಡ್ತದೆ ಮಾರಾಯ್ತಿ?' ಎಂದು ಕೇಳಿದಳು. ಮಗಳು ಯೋಚಿಸಿ, 'ತೂತಿರೋದ್ರಿಂದಲೇ ಅಜ್ಜಿ. ಒಳಗೆ ಗಾಳಿ ಸಿಕ್ಕಿಹಾಕ್ಕೊಳ್ಳತ್ತೆ. ಗಾಳಿ ಶಾಖಾನ ಸುಲಭಕ್ಕೆ ಹೊರಗೆ ಬಿಡಲ್ಲ' ಎಂದಳು. ಹಿಂದಿನ ವರ್ಷದ ಪಾಠ ಅದು. ಬಿಳಿ ಗೋಡೆ ಕಂಡಿದ್ದ ಭೌತಶಾಸ್ತ್ರ ಬಾಯಿಗೆ ತಾನಾಗಿ ಬಂದದ್ದನ್ನು ನಾನು ಸಾರಿಗೆ ಒಗ್ಗರಣೆ ಹಾಕುತ್ತಾ ಕೇಳಿಸಿಕೊಂಡೆ.

ಓದು ಮನೆಗೆ ಮರಳಿದ್ದೂ ಇದೇ ದಾರಿಯಿಂದ. ಅಮ್ಮನಿಗೆ ಎಂ.ಕೆ. ಇಂದಿರಾ ಎಂದರೆ ಪ್ರಾಣ. ಕಣ್ಣು ಚೆನ್ನಾಗಿದ್ದಾಗ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ವಾರಕ್ಕೆರಡು ಕಾದಂಬರಿ ತಂದು ಓದುತ್ತಿದ್ದವಳು ಆಗ ಮೂರು ವರ್ಷದಿಂದ ಒಂದು ಪುಟ ಓದಿರಲಿಲ್ಲ. 'ಕೈಯಂತೂ ಕೆಲಸ ಮಾಡ್ತದೆ, ಕಿವಿ ಸುಮ್ಮನೆ ಕೂತಿದೆ' ಎಂದು ಮೆಲ್ಲಗೆ ಹೇಳಿದಳು ಅಷ್ಟೆ. ಮಗಳು ಅಟ್ಟಕ್ಕೆ ಏಣಿ ಹಾಕಿದಳು.

'ತುಂಗಭದ್ರ' ಶುರುವಾಯಿತು. ದಿನಕ್ಕೆ ಹತ್ತು ಪುಟ, ಗಡಿಯಾರ ನೋಡಿಕೊಂಡು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಇಂದಿರಾ ಅವರ ಆ ಮೊದಲ ಕಾದಂಬರಿ ಪ್ರಕಟವಾದದ್ದು 1963ರಲ್ಲಿ. ಆಗ ಅವರ ವಯಸ್ಸು ನಲವತ್ತಾರರ ಆಸುಪಾಸು. ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ ಶಾಲೆ ನಿಂತುಹೋಗಿತ್ತು. ಸಂಸಾರ, ಮಕ್ಕಳು ಎಲ್ಲ ಒಂದು ಹಂತಕ್ಕೆ ಬಂದ ಮೇಲೆ ಲೇಖನಿ ಹಿಡಿದವರು. ಮುಂದೆ 1976ರಲ್ಲಿ 'ಫಣಿಯಮ್ಮ' ಬಂತು. ಅದನ್ನು ಪ್ರೇಮಾ ಕಾರಂತರು 1983ರಲ್ಲಿ ಸಿನಿಮಾ ಮಾಡಿದರು. ಇಷ್ಟನ್ನು ನಾನು ಹೇಳಿದಾಗ ಮಗಳು ಪುಸ್ತಕದ ಬೆನ್ನಿನ ಮೇಲಿದ್ದ ಲೇಖಕಿಯ ಹೆಸರನ್ನು ಒಂದು ಕ್ಷಣ ನೋಡಿದಳು. 'ನಲವತ್ತಾರಕ್ಕೆ ಶುರು ಮಾಡಿದ್ರಾ?' ಎಂದಳು. ಹದಿನೇಳಕ್ಕೇ ಎಲ್ಲವೂ ತೀರ್ಮಾನವಾಗಿಬಿಡುತ್ತದೆ ಎಂದುಕೊಂಡಿದ್ದವಳಿಗೆ ನಾನು ಬೇರೆ ಉಪದೇಶ ಮಾಡಲಿಲ್ಲ.

ಆಮೇಲೆ ಅವಳದೇ ಆಯ್ಕೆ, ತೇಜಸ್ವಿಯವರ 1980ರ 'ಕರ್ವಾಲೊ'. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಆ ಕಥೆ ಅಮ್ಮನಿಗೆ ಬಲು ಖುಷಿ. ತಾನು ಹುಡುಗಿಯಾಗಿದ್ದಾಗ ಅಡಿಕೆ ಮರದಿಂದ ಮರಕ್ಕೆ ಅದು ತೇಲಿ ಹೋಗುವುದನ್ನು ಕಂಡಿದ್ದೇನೆ ಎಂದು ಓದನ್ನು ನಿಲ್ಲಿಸಿ ಹೇಳಿದಳು. ಮಗಳ ಕಣ್ಣು ಅರಳಿತು. 'ಅಜ್ಜಿ, ನಿಜ್ವಾಗ್ಲೂ ನೋಡಿದ್ಯಾ?' ಜೀವಶಾಸ್ತ್ರದ ಪುಸ್ತಕದಲ್ಲಿ ಇಷ್ಟು ದಿನ ಅಂಕಕ್ಕಾಗಿ ಇದ್ದ ಪ್ರಾಣಿಗಳು ಅಂದು ನಮ್ಮ ವರಾಂಡಕ್ಕೆ ಬಂದವು.

ಆ ಹೊತ್ತಿನಲ್ಲಿ ಮನೆಗೆ ಬಂದವರೊಬ್ಬರು, 'ಇನ್ನು ಹದಿನೈದು ದಿನಕ್ಕೆ ಎಕ್ಸಾಮು, ನೀವು ಕಾದಂಬರಿ ಓದಿಸ್ತಿದ್ದೀರಲ್ಲಾ!' ಎಂದು ಹುಬ್ಬೇರಿಸಿದರು. ಅವರ ಮಗ ಹದಿನೆಂಟು ಗಂಟೆ ಓದುತ್ತಾನಂತೆ. ನಮ್ಮವರು ಗಂಭೀರವಾಗಿ, 'ಇವಳು ಹತ್ತು ಪುಟ ಕಡಿಮೆ ಓದ್ತಾಳೆ' ಎಂದು ಹೇಳಿ ಅವರಿಗೆ ಕಾಫಿ ಕೊಟ್ಟು ಕಳುಹಿಸಿದರು. ತಿಂಗಳ ಮೇಲೆ ಅವರ ಗಟ್ಟಿ ದನಿ ಮನೆಯಲ್ಲಿ ಮತ್ತೆ ಕೇಳಿಸಿದ್ದು ಅವತ್ತೇ.

ಇನ್ನು ಅಡುಗೆ. ಚಳಿಗಾಲಕ್ಕೂ ಬೇಸಿಗೆಗೂ ನಡುವಿನ ಈ ಆರೇಳು ವಾರ ಅಡುಗೆಮನೆಗೆ ಎರಡು ಕಾಲದ ಭಾಗ್ಯ. ಮಂಜಿನ ಸೊಗಡು ಹೊತ್ತ ಅವರೆಕಾಯಿ ಆಗಷ್ಟೇ ಬೀಳ್ಕೊಟ್ಟಿರುತ್ತದೆ, ಹಿದುಕಿದಬೇಳೆ ಸಾರಿನ ನೆನಪು ಇನ್ನೂ ಹಸಿಯಾಗಿರುತ್ತದೆ. ಅಷ್ಟರಲ್ಲಿ ಮಾವಿನಕಾಯಿ ಬಂದು ತಳ್ಳುಗಾಡಿ ಏರುತ್ತದೆ. ಕಾಳು ಹೋಯಿತೆಂದು ಅಳುವ ಮೊದಲೇ ಕಾಯಿ ಬಂತು.

ಉಣ್ಣದ ಮಗುವನ್ನು ಉಣ್ಣಿಸುವುದು ಹೇಗೆ? ಬಲವಂತಕ್ಕೆ ಗಂಟಲು ಇನ್ನೂ ಮುಚ್ಚಿಕೊಳ್ಳುತ್ತದೆ. ಆದರೆ ವಾಸನೆಗೆ ಬಾಗಿಲಿಲ್ಲ. ಅವತ್ತು ಮಾವಿನಕಾಯಿ ಚಿತ್ರಾನ್ನ ಮಾಡಿದೆ. ನಮ್ಮ ಕಡೆಯ ಕ್ರಮದಲ್ಲಿ ಬರೀ ತುರಿದ ಕಾಯಿ ಹಾಕಿ ಬಿಡುವುದಿಲ್ಲ. ತೆಂಗಿನತುರಿ, ಸಾಸಿವೆ, ಒಣಮೆಣಸಿನಕಾಯಿ, ಚಿಟಿಕೆ ಅರಿಸಿನ, ಜೊತೆಗೊಂದಿಷ್ಟು ಮಾವಿನ ತುರಿ ಸೇರಿಸಿ ತರಿತರಿಯಾಗಿ ಅರೆಯಬೇಕು. ಎಣ್ಣೆ ಕಾದ ಮೇಲೆ ಕಡಲೆಕಾಯಿ ಬೀಜ, ಕಡಲೆಬೇಳೆ, ಉದ್ದಿನಬೇಳೆ ಕೆಂಪಗಾಗಿ, ಇಂಗು ಕರಿಬೇವು ಬಿದ್ದು, ಅದಕ್ಕೆ ಅರೆದದ್ದನ್ನು ಹಾಕಿ ಹಸಿವಾಸನೆ ಹೋಗುವಷ್ಟು ಮಾತ್ರ ಬಾಡಿಸಬೇಕು. ಉಳಿದ ಮಾವಿನ ತುರಿ ಕೊನೆಗೆ. ಆರಿದ ಉದುರು ಅನ್ನಕ್ಕೆ ಕಲಸಿ ಹತ್ತು ನಿಮಿಷ ಮುಚ್ಚಿಡಬೇಕು. ಹುಳಿ ಅನ್ನಕ್ಕೆ ಇಳಿಯಲು ಅಷ್ಟು ಸಮಯ ಬೇಕು. ನಾನು ಕರೆಯಲಿಲ್ಲ. ಅವಳೇ ತಟ್ಟೆ ಹಿಡಿದು ಬಂದಳು. 'ಇನ್ನೊಂಚೂರು' ಎಂದಳು. ಆ ಒಂದು ಮಾತಿಗಾಗಿ ನಾನು ಎಷ್ಟು ದಿನದಿಂದ ಕಾದಿದ್ದೆ ಎಂದು ತಾಯಂದಿರಿಗೆ ಮಾತ್ರ ಅರ್ಥವಾದೀತು.

ಅಡುಗೆಯನ್ನು ಕೀಳು ಕೆಲಸವೆಂದು ನಮ್ಮ ಹಿರಿಯರು ತಿಳಿದಿರಲಿಲ್ಲ. ಕಲ್ಲಹಳ್ಳಿಯ ಮೂರನೆಯ ಮಂಗರಸ ಹದಿನಾರನೆಯ ಶತಮಾನದ ಆರಂಭದಲ್ಲಿ 'ಸೂಪಶಾಸ್ತ್ರ' ಎಂಬ ಪಾಕಶಾಸ್ತ್ರದ ಗ್ರಂಥವನ್ನೇ ಷಟ್ಪದಿಯಲ್ಲಿ ಬರೆದ. ಹಿಟ್ಟಿನ ತಿಂಡಿಗಳು, ಪಾನಕಗಳು, ಅನ್ನದ ಬಗೆಗಳು, ತರಕಾರಿಯ ಪಲ್ಯಗಳು ಎಲ್ಲವೂ ಪದ್ಯದಲ್ಲಿವೆ. ಅದಕ್ಕೂ ಐನೂರು ವರ್ಷ ಹಿಂದೆ, 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಮಳೆ, ಬೆಳೆ, ವೈದ್ಯಗಳ ಜೊತೆಗೆ ಅಡುಗೆಗೂ ಒಂದು ಅಧ್ಯಾಯವಿದೆ. ಲೋಕಕ್ಕೆ ಉಪಕಾರವಾಗುವ ವಿದ್ಯೆಗಳಲ್ಲಿ ಒಗ್ಗರಣೆಯೂ ಒಂದು ಎಂಬ ತಿಳಿವಳಿಕೆ ಸಾವಿರ ವರ್ಷದಷ್ಟು ಹಳೆಯದು.

ಮಾರ್ಚ್ ಮೊದಲ ವಾರ ಅಮ್ಮನಿಗೆಂದು ಊರಿನಿಂದ ಅಪ್ಪೆಮಿಡಿ ಬಂತು. ಮಲೆನಾಡಿನವರ ಪಾಲಿಗೆ ಇದು ವರ್ಷದ ದೊಡ್ಡ ಪಾರ್ಸಲ್ಲು. ತೊಟ್ಟು ಮುರಿಯದ ಹಾಗೆ ತೊಳೆದು, ಒಂದೊಂದನ್ನೂ ಒರೆಸಿ, ಜಾಡಿಯಲ್ಲಿ ಪದರಕ್ಕೊಂದು ಪದರ ಉಪ್ಪು ಹಾಕುವುದು. ಮಿಡಿ ನೀರು ಬಿಟ್ಟುಕೊಂಡು ಚಿರುಟುವವರೆಗೆ ದಿನವೂ ಅಲುಗಿಸುವುದು. ಆಮೇಲೆ ಅದೇ ಉಪ್ಪುನೀರನ್ನು ಕುದಿಸಿ ಆರಿಸಿ, ಮೆಣಸು ಸಾಸಿವೆ ಅರಿಸಿನ ಸೇರಿಸುವುದು. ಹೊರಗಿನ ಒಂದು ಹನಿ ನೀರು ತಾಗಿದರೂ ವರ್ಷದ ಉಪ್ಪಿನಕಾಯಿ ಕೆಟ್ಟಿತು. ಅಮ್ಮ ಮೂಸಿಯೇ ಮಿಡಿ ಆರಿಸಿದಳು. ಸೊನೆಯ ಪರಿಮಳಕ್ಕೆ ಕಣ್ಣು ಬೇಡವಲ್ಲ. ದಿನವೂ ಜಾಡಿ ಅಲುಗಿಸುವ ಕೆಲಸ ಮಗಳದು. ಬೆಳಿಗ್ಗೆ ಓದಲು ಏಳುವಾಗ ಮೊದಲು ಜಾಡಿಗೆ ಒಂದು ಸುತ್ತು, ಆಮೇಲೆ ರಸಾಯನಶಾಸ್ತ್ರ. ಉಪ್ಪು ಮಿಡಿಯಿಂದ ನೀರನ್ನು ಹೇಗೆ ಎಳೆಯುತ್ತದೆ ಎಂದು ಅವಳೇ ಅಜ್ಜಿಗೆ ಅಭಿಸರಣದ ಪಾಠ ಹೇಳಿದಳು. 'ಅದಕ್ಕೆ ಅಷ್ಟು ದೊಡ್ಡ ಹೆಸರಾ? ನಾವು ನೀರು ಬಿಡೂದು ಅಂತಿದ್ವಿ' ಎಂದಳು ಅಮ್ಮ.

ತಾರಸಿಯ ಮೇಲೆ ಸಂಡಿಗೆಯೂ ಬಂತು. ಹಳೆಯ ಸೀರೆ ಹಾಸಿ ಅಕ್ಕಿ ಸಂಡಿಗೆ ಇಟ್ಟರೆ ಕಾಗೆ, ಅಳಿಲು ಕಾಯಲು ಒಬ್ಬರು ಬೇಕೇ ಬೇಕು. ಪರೀಕ್ಷೆಗೆ ಓದುವ ಮಕ್ಕಳಿಗೂ ಸಂಡಿಗೆಗೂ ಈ ನಾಡಿನಲ್ಲಿ ತಲೆಮಾರುಗಳ ನಂಟು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಕೋಲು ಹಿಡಿದು ಪಾಸಾದ ಇಂಜಿನಿಯರುಗಳು, ಡಾಕ್ಟರುಗಳು ಎಷ್ಟು ಮಂದಿಯಿಲ್ಲ! ಹಸಿ ಸಂಡಿಗೆಯನ್ನು ಕದ್ದು ತಿಂದದ್ದರಲ್ಲಿ ಅಳಿಲಿನ ಪಾಲೆಷ್ಟು, ಅವರ ಪಾಲೆಷ್ಟು ಎಂಬುದನ್ನು ಯಾವ ತಾಯಿಯೂ ಲೆಕ್ಕ ಕೇಳಿಲ್ಲ.

ಆ ವರ್ಷ ಪರೀಕ್ಷೆ ಮಾರ್ಚ್ 9ಕ್ಕೆ ಶುರುವಾಗಿ 29ಕ್ಕೆ ಮುಗಿಯಿತು. ಯುಗಾದಿ ಬಂದದ್ದು 22ಕ್ಕೆ, ನಟ್ಟನಡುವೆ. ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಬರೆಯುವ ಅವಕಾಶದ ಪದ್ಧತಿ ಬಂದದ್ದು ಮರುವರ್ಷ, 2024ರಲ್ಲಿ. ಹಾಗಾಗಿ ಹೆದರಿಕೆ ಇದ್ದೇ ಇತ್ತು. ಭೌತಶಾಸ್ತ್ರದ ದಿನ ಮಗಳು ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಅಜ್ಜಿಯ ಹತ್ತಿರ ಹೋದಳು.

'ಅಜ್ಜಿ, ಇವತ್ತೂ ಒಂದು ಕಡೆ ಮರೆತುಹೋಯ್ತು.'

ನಾವೆಲ್ಲ ಉಸಿರು ಹಿಡಿದೆವು.

'ಪ್ರಶ್ನೆಪತ್ರಿಕೆಯಲ್ಲಿ ಆ ನಂಬರಿನ ಪಕ್ಕ ಸಣ್ಣದಾಗಿ ಒಂದು ಪಿನ್ನು ಬರೆದೆ. ಬಿಟ್ಟು ಮುಂದೆ ಹೋದೆ. ಎಲ್ಲಾ ಮುಗಿಸಿ ವಾಪಸ್ ಬಂದಾಗ ಅರ್ಧ ನೆನಪಾಯ್ತು. ಅಷ್ಟು ಬರೆದೆ.'

ಅಮ್ಮ ಕಡ್ಡಿ ನಿಲ್ಲಿಸಲಿಲ್ಲ. 'ಹೌದಲ್ಲ, ಮತ್ತೆ' ಎಂದಳು. 'ಕೈಕಾಲು ತೊಳ್ಕೊ, ಊಟ ಮಾಡು.'

ಅವಳಿಗೆ ಎಷ್ಟು ಅಂಕ ಬಂತು ಎಂದು ಕೇಳಬೇಡಿ. ಬೀದಿಗೆಲ್ಲ ಹೇಳಿಕೊಂಡು ಬರುವಷ್ಟಲ್ಲ, ಯಾರಾದರೂ ಕೇಳಿದರೆ ಮಾತು ಬದಲಿಸುವಷ್ಟೂ ಅಲ್ಲ. ಹೆಣೆದರೆ, ಕಾದಂಬರಿ ಓದಿದರೆ, ಚಿತ್ರಾನ್ನ ತಿಂದರೆ ಅಂಕ ಹೆಚ್ಚುತ್ತದೆ ಎಂದು ನಾನು ಹೇಳಹೊರಟಿಲ್ಲ. ಹಾಗೆ ಹೇಳಿದರೆ ನಾಳೆಯೇ ಯಾರಾದರೂ ಹೆಣಿಗೆಗೂ ಟ್ಯೂಷನ್ ತೆರೆದಾರು. ನಾನು ಕಂಡದ್ದು ಇಷ್ಟೇ: ಅವಳು ನಿದ್ದೆ ಮಾಡಿದಳು, ಉಂಡಳು, ನಕ್ಕಳು, ಮತ್ತು ಪರೀಕ್ಷೆ ಬರೆದಳು. ಈಗ ಸಸ್ಯಶಾಸ್ತ್ರ ಓದುತ್ತಿದ್ದಾಳೆ, ತನ್ನಿಷ್ಟದ್ದು.

ಸ್ವೆಟರ್ ಏಪ್ರಿಲ್ ಮೊದಲ ವಾರ ಕೊರಿಯರಿನಲ್ಲಿ ಎಡಿನ್‌ಬರಾಕ್ಕೆ ಹೋಯಿತು. ಕೊನೆಯ ತೋಳನ್ನು ಮುಚ್ಚಿದ್ದು ಮಗಳು. ಅಜ್ಜಿಯ ಹೊಲಿಗೆ ಎಲ್ಲಿ ಮುಗಿದು ಅವಳದು ಎಲ್ಲಿ ಶುರುವಾಯಿತು ಎಂಬುದು ಗೊತ್ತಿರುವವರಿಗೆ ಗೊತ್ತಾಗುತ್ತದೆ, ಅವಳದು ಸ್ವಲ್ಪ ಬಿಗಿ.

ಅದಾಗಿ ಹತ್ತು ದಿನಕ್ಕೆ ಅಮ್ಮನ ಬಲಗಣ್ಣಿಗೆ ಶಸ್ತ್ರಚಿಕಿತ್ಸೆ. ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಮಗಳು ಅವಳ ಕೈ ಹಿಡಿದು ಕೂತಿದ್ದಳು. ಒಳಗೆ ಕರೆದಾಗ ಅಮ್ಮ, 'ಉಳಿದ ಪುಸ್ತಕ ಮನೆಗೆ ಹೋದ ಮೇಲೆ ಓದುವ' ಎಂದಷ್ಟೇ ಹೇಳಿ ಎದ್ದಳು. ಮಾರನೆಯ ದಿನ ಪಟ್ಟಿ ತೆಗೆದು ಮನೆಗೆ ಬಂದವಳು ಕುರ್ಚಿಯಲ್ಲಿ ಕೂತು ಸುತ್ತ ನೋಡಿದಳು. ಬುಟ್ಟಿಯಲ್ಲಿ ಉಳಿದಿದ್ದ ಉಲ್ಲನ್ ಉಂಡೆಯ ಮೇಲೆ ಅವಳ ಕಣ್ಣು ನಿಂತಿತು.

'ಇದು ಯಾವ ಉಂಡೆ?'

'ಮಗೂ ಸ್ವೆಟರಿಂದೇ ಅಮ್ಮ. ಉಳಿದದ್ದು.'

'ಬೂದು ಅಲ್ವಾ ಅದು?'

'ಅಲ್ಲ ಅಜ್ಜಿ, ಆಕಾಶನೀಲಿ' ಎಂದಳು ಮಗಳು. ಪೊರೆ ಬೆಳೆದ ಕಣ್ಣಿಗೆ ಎಲ್ಲವೂ ಹಳದಿ ಗಾಜಿನಲ್ಲಿ ನೋಡಿದ ಹಾಗೆ ಕಾಣುತ್ತದೆ, ಅದರಲ್ಲೂ ನೀಲಿ ಮಾಸಿಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಎರಡು ತಿಂಗಳು ಬೂದು ಎಂದುಕೊಂಡೇ ಹೆಣೆದಿದ್ದ ಅಮ್ಮ ಆ ಉಂಡೆಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. 'ಎಷ್ಟು ಚೆಂದ ಬಣ್ಣ ತಂದಿದ್ದೀ ಮಾರಾಯ್ತಿ' ಎಂದಳು ನನಗೆ.

ಪರೀಕ್ಷೆ ಮುಗಿಸಿ ರಜೆಯಲ್ಲಿ ಕೂತು ಏನು ಮಾಡಲಿ ಎನ್ನುವ ಮಕ್ಕಳಿಗೆ ಕೊನೆಗೊಂದು ಕೆಲಸ ಹೇಳುತ್ತೇನೆ. ಎಂಟನೇ ನಂಬರಿನ ಒಂದು ಜೊತೆ ಕಡ್ಡಿ, ಸ್ವಲ್ಪ ದಪ್ಪನೆಯ ಉಲ್ಲನ್ ಎರಡು ಮೂರು ಉಂಡೆ ತನ್ನಿ. ಬಣ್ಣ ತಿಳಿಯಾಗಿರಲಿ, ಕಪ್ಪಾದರೆ ಕುಣಿಕೆ ಕಾಣುವುದಿಲ್ಲ. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದರಲ್ಲಿ ಬಹುಪಾಲು ಅಕ್ರಿಲಿಕ್, ಕಲಿಯಲು ಅದೇ ಸಾಕು. 32 ಕುಣಿಕೆ ಹಾಕಿ, ಎಲ್ಲ ಸಾಲೂ ಸೀದಾ ಹೆಣೆದುಕೊಂಡು ಹೋಗಿ. ಉಲ್ಟಾ ಸದ್ಯಕ್ಕೆ ಬೇಡ. ಮನೆಯಲ್ಲಿ ಅಜ್ಜಿಯೋ ಅತ್ತೆಯೋ ದೊಡ್ಡಮ್ಮನೋ ಇದ್ದರೆ ಪಕ್ಕದಲ್ಲಿ ಕೂತುಕೊಳ್ಳಿ, ಅವರಿಗೆ ಕೈ ಮರೆತಿರುವುದಿಲ್ಲ. ಇನ್ನೊಬ್ಬರಿಗೆ ಒಂದು ಪುಸ್ತಕ ಕೊಟ್ಟು ಗಟ್ಟಿಯಾಗಿ ಓದಲು ಹೇಳಿ. ಅಡುಗೆಮನೆಯಿಂದ ಮಾವಿನಕಾಯಿಯ ವಾಸನೆ ಬರುವುದು ಹೇಗೂ ಇದ್ದೇ ಇದೆ. ನಿಧಾನಕ್ಕೆ ಹೆಣೆದರೂ ದೀಪಾವಳಿಯ ಹೊತ್ತಿಗೆ, ಚಳಿ ತಿರುಗಿ ಬರುವಾಗ, ನಿಮ್ಮ ಮನೆಯಲ್ಲಿ ಯಾರದಾದರೂ ಕುತ್ತಿಗೆಗೆ ಒಂದು ಮಫ್ಲರ್ ಆಗಿರುತ್ತದೆ.